ತಾಮ್ರ, ಅಲ್ಯುಮಿನಿಯಂ, ತಾಮ್ರದ ಬಣ್ಣದ ವೈರ್: ಮೂರನ್ನೂ ಬಳಸಿ ನೋಡಿದ ಮೇಲೆ

ಗುಳೇದಗುಡ್ಡದ ನಮ್ಮ ಹಳೆ ಮನೆಯಲ್ಲಿ ಇದ್ದದ್ದು ಅಲ್ಯುಮಿನಿಯಂ ವೈರ್. ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಎಳೆದಿದ್ದರು. ದೀಪಾವಳಿಗೆ ಸುಣ್ಣ ಹಚ್ಚುವ ಮೊದಲು ಅಪ್ಪ ಮೇನ್ ಆಫ್ ಮಾಡಿ, ಬೋರ್ಡು ಬಿಚ್ಚಿ, ಸ್ಕ್ರೂಗಳನ್ನೆಲ್ಲ ಬಿಗಿ ಮಾಡುತ್ತಿದ್ದರು. ಪ್ರತಿ ವರ್ಷವೂ ಅರ್ಧ ಸುತ್ತು, ಒಂದು ಸುತ್ತು ಸಡಿಲ ಆಗಿಯೇ ಇರುತ್ತಿತ್ತು. ಒಂದು ಸಲ ಇಸ್ತ್ರಿ ಹಚ್ಚುವ ಪ್ಲಗ್ಗಿನ ಹಿಂದೆ ಬೆರಳಗಲ ಕಪ್ಪಾಗಿ ಸುಟ್ಟಿತ್ತು. ಆ ವಾಸನೆ ನನಗೆ ಇನ್ನೂ ನೆನಪಿದೆ.

ಅಲ್ಯುಮಿನಿಯಂ ಮೆತ್ತಗಿನ ಲೋಹ. ಸ್ಕ್ರೂ ಒತ್ತಿದಲ್ಲಿ ನಿಧಾನಕ್ಕೆ ತಗ್ಗುತ್ತದೆ. ಬಿಸಿಯಾದಾಗ ತಾಮ್ರಕ್ಕಿಂತ ಜಾಸ್ತಿ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಗಾಳಿ ತಾಗಿದ ಕೂಡಲೇ ಮೇಲೊಂದು ಪದರ ಕಟ್ಟುತ್ತದೆ, ಆ ಪದರದಲ್ಲಿ ಕರೆಂಟ್ ಹರಿಯುವುದಿಲ್ಲ. ಜಾಯಿಂಟ್ ಸಡಿಲಾಯಿತು, ಬಿಸಿಯಾಯಿತು, ಇನ್ನಷ್ಟು ಸಡಿಲಾಯಿತು. ಪ್ಲಗ್ ಸುಟ್ಟದ್ದು ಹೀಗೆ.

ಹಾಗಂತ ಅದು ಕೆಟ್ಟ ವೈರ್ ಅಲ್ಲ. ಬೀದಿಯ ಕಂಬದ ಮೇಲಿನ ತಂತಿ ಅಲ್ಯುಮಿನಿಯಮ್ಮೇ ಅಲ್ವಾ? ಹಗುರ, ಅಗ್ಗ. ನಮ್ಮ ಹೊಲದ ಶೆಡ್ಡಿಗೆ 60 ಮೀಟರ್ ದೂರ 2.5 ಸ್ಕ್ವೇರ್ ಎಂಎಂ (ಒಳಗಿನ ಲೋಹದ ದಪ್ಪದ ಅಳತೆ) ಅಲ್ಯುಮಿನಿಯಂ ಸರ್ವಿಸ್ ವೈರ್ ಎಳೆದಿದ್ದೆ. 1 ಎಚ್‌ಪಿ ಮೋಟರ್ ಓಡುವಾಗ ಮಲ್ಟಿಮೀಟರ್ ಹಿಡಿದು ನೋಡಿದರೆ ಆ ತುದಿಯಲ್ಲಿ 10 ವೋಲ್ಟ್‌ನಷ್ಟು ಕಮ್ಮಿ. ಅದೇ ಅಳತೆಯ ತಾಮ್ರ ಹಾಕಿದ ಮೇಲೆ 6 ವೋಲ್ಟ್. ಸಂಜೆ ಮೊದಲೇ ವೋಲ್ಟೇಜ್ ಇಳಿದಿರುವಾಗ ಆ ನಾಲ್ಕು ವೋಲ್ಟ್ ಮೋಟರಿಗೆ ದೊಡ್ಡದು. ಅಲ್ಯುಮಿನಿಯಂ ಬೇಕೇ ಬೇಕು ಅಂದರೆ 2.5 ತಾಮ್ರದ ಜಾಗದಲ್ಲಿ 4 ಸ್ಕ್ವೇರ್ ಹಾಕಿ, ಸರಿಹೋಗುತ್ತದೆ. ತಾಮ್ರ, ಅಲ್ಯುಮಿನಿಯಂ ಎರಡನ್ನೂ ನೇರವಾಗಿ ತಿರುವಿ ಜೋಡಿಸಬೇಡಿ, ಮಳೆಗಾಲದ ತೇವಕ್ಕೆ ಜಾಯಿಂಟ್ ತಿಂದುಹೋಗುತ್ತದೆ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಮೂರನೆಯದರ ಮೇಲೆ. ಬಾಗಲಕೋಟೆ ನವನಗರದಲ್ಲಿ ಮನೆ ಕಟ್ಟುವಾಗ ಒಂದು ಅಂಗಡಿಯಲ್ಲಿ 'ಪ್ಯೂರ್ ಕಾಪರ್' ಅಂತ 90 ಮೀಟರ್ ಕಾಯಿಲ್ ಬಹಳ ಅಗ್ಗಕ್ಕೆ ಕೊಟ್ಟರು. ವೈರ್‌ಮನ್ ತುದಿ ಸುಲಿದು ಎರಡು ಸಲ ಬಾಗಿಸಿದ, ಎಳೆಗಳು ಪಟ್ ಅಂತ ಮುರಿದವು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ! ಅಲ್ಯುಮಿನಿಯಂ ಮೇಲೆ ತಾಮ್ರದ ತೆಳು ಹೊದಿಕೆ. ಅನುಮಾನ ತೀರಲಿ ಅಂತ ಆ ವೈರನ್ನೂ ಒಳ್ಳೆ ಕಂಪನಿಯ ವೈರನ್ನೂ ಒಂದೊಂದು ಮೀಟರ್ ಸುಲಿದು ಓಣಿಯ ಪತ್ತಾರರ ಹತ್ತಿರ ಒಯ್ದೆ. ಚಿನ್ನ ತೂಗುವ ತಕ್ಕಡಿಯಲ್ಲಿ 2.5 ಸ್ಕ್ವೇರ್ ಅಸಲಿ ತಾಮ್ರ 22 ಗ್ರಾಂ ಬಂತು, ಅಂಗಡಿಯದ್ದು 9. ಅಗ್ಗದ ತಾಮ್ರ ಅಂತ ದುಡ್ಡು ಕೊಟ್ಟು ಅಲ್ಯುಮಿನಿಯಂ ತಂದಂತಾಯಿತು. ಅದಕ್ಕಿಂತ ಕೆಟ್ಟದ್ದು, ತಾಮ್ರ ಅಂತ ನಂಬಿ ಗೋಡೆಯೊಳಗೆ ಹಾಕಿ ಮುಚ್ಚಿಬಿಡುತ್ತೇವೆ. ಕಾಯಿಲ್ ತರುವಾಗ ಐಎಸ್‌ಐ ಗುರುತು ಮತ್ತು ಐಎಸ್ 694 (ಪಿವಿಸಿ ವೈರಿನ ಭಾರತೀಯ ಮಾನದಂಡ) ಅಂತ ಇದೆಯಾ ನೋಡಿ, ಬಿಲ್ ತಗೊಳ್ಳಿ. 90 ಮೀಟರಿನ 2.5 ಸ್ಕ್ವೇರ್ ಕಾಯಿಲ್‌ನಲ್ಲಿ ತಾಮ್ರವೇ ಹತ್ತಿರ ಹತ್ತಿರ 2 ಕಿಲೋ ಇರಬೇಕು. ಕೈಗೆ ಹಗುರ ಅನ್ನಿಸಿದರೆ ವಾಪಸ್ ಇಡಿ.

ಕೊನೆಗೆ ಮನೆಗೆ ಹಾಕಿದ್ದು ಬಹು ಎಳೆಯ ತಾಮ್ರ. ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4. ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ, ಸ್ಲ್ಯಾಬಿನೊಳಗಿನ ಪೈಪು ಕಾದಿರುತ್ತದೆ, ಪಿವಿಸಿ ಕವರಿನ ಮಿತಿ ಸಾಮಾನ್ಯವಾಗಿ 70 ಡಿಗ್ರಿ. ತೆಳು ವೈರ್ ಇನ್ನೂ ಬಿಸಿಯಾಗುತ್ತದೆ, ಅದಕ್ಕೇ ಗೀಸರಿನ ವೈರಿನಲ್ಲಿ ದುಡ್ಡು ಉಳಿಸಲಿಲ್ಲ.

ಎಫ್‌ಆರ್ (ಬೆಂಕಿ ಹರಡದಂಥ ಕವರ್) ತಗೊಳ್ಳಬೇಕೋ, ಎಫ್‌ಆರ್‌ಎಲ್‌ಎಸ್ಸೋ (ಅದರ ಜೊತೆಗೆ ಹೊಗೆಯೂ ಕಮ್ಮಿ ಬರುವಂಥದ್ದು) ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ತುಂಡುಗಳನ್ನು ಅಂಗಳದಲ್ಲಿ ಸುಟ್ಟು ನೋಡಿದೆ. ಉರಿ ತೆಗೆದ ಮೇಲೆ ಎರಡೂ ಆರಿದವು. ಆದರೆ ಎಫ್‌ಆರ್‌ನ ಹೊಗೆ ದಟ್ಟ ಕಪ್ಪು, ಗಂಟಲು ಕಟ್ಟಿತು. ಮನೆಯಲ್ಲಿ ಅವ್ವನಿಗೆ ಉಬ್ಬಸ ಇದೆ. ರೇಟು ಸ್ವಲ್ಪ ಜಾಸ್ತಿಯಾದರೂ ಎಫ್‌ಆರ್‌ಎಲ್‌ಎಸ್ಸೇ ತಂದೆ.

ಈ ದೀಪಾವಳಿಗೆ ಅಪ್ಪ ಅಭ್ಯಾಸದಂತೆ ಸ್ಕ್ರೂಡ್ರೈವರ್ ಹಿಡಿದು ಹಾಲಿನ ಬೋರ್ಡು ಬಿಚ್ಚಿದರು. ಒಂದು ಸ್ಕ್ರೂ ಕೂಡ ತಿರುಗಲಿಲ್ಲ. ಸುಮ್ನೆ ಮುಚ್ಚಿಟ್ಟು, ಮುಂದಿನ ಬೋರ್ಡಿಗೆ ಹೋದರು.