ಎಂಬತ್ತರ ಶಾಲೆ, ತೊಂಬತ್ತೈದರ ಶಾಲೆ

ನಮ್ಮದು ಚಿಕ್ಕ ಊರು, ಸರ್ಕಾರಿ ಶಾಲೆ ಎರಡೇ. ಮಗಳು ಎರಡರಲ್ಲೂ ಕೂತು ಬಂದಿದ್ದಾಳೆ.

ಮೊದಲು ಸೇರಿಸಿದ್ದು ದೊಡ್ಡ ಶಾಲೆಗೆ. ಕಾರಣ ಫಲಿತಾಂಶ: ಕೊನೆಯ ತರಗತಿಯಲ್ಲಿ ಅಲ್ಲಿ ಶೇಕಡಾ 95 ಪಾಸು, ಸಣ್ಣ ಶಾಲೆಯಲ್ಲಿ 80. ಒಂದು ದಿನ ಸುಮ್ನೆ ಲೆಕ್ಕ ಹಾಕಿ ನೋಡಿದೆ. ದೊಡ್ಡದರಲ್ಲಿ ಪರೀಕ್ಷೆ ಬರೆದವರು 40, ಸಣ್ಣದರಲ್ಲಿ 10. ಎರಡು ಕಡೆಯೂ ಫೇಲಾದವರು ಇಬ್ಬರೇ! ಮರುವರ್ಷ ಸಣ್ಣ ಶಾಲೆಗೆ ನೂರಕ್ಕೆ ನೂರು ಬಂತು. ಮೇಷ್ಟ್ರು ಅವರೇ, ಪಾಠವೂ ಅದೇ. ಹತ್ತೇ ಮಕ್ಕಳಿದ್ದರೆ ಒಬ್ಬಿಬ್ಬರಿಂದಲೇ ಶೇಕಡಾ ಏರಿಳಿಯುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದ ಶಾಲೆಗಳ ಅಂಕ ಜಾಲಾಡಿದ ಸಂಖ್ಯಾಶಾಸ್ತ್ರಜ್ಞ ಹೊವರ್ಡ್ ವೇನರ್ ಮತ್ತು ಹ್ಯಾರಿಸ್ ಜ್ವೆರ್ಲಿಂಗ್ 2006ರಲ್ಲಿ ಇದನ್ನೇ ತೋರಿಸಿದ್ದರು. ಪಟ್ಟಿಯ ತಲೆಯಲ್ಲೂ ಸಣ್ಣ ಶಾಲೆಗಳು ತಮ್ಮ ಪಾಲಿಗಿಂತ ಜಾಸ್ತಿ, ಬುಡದಲ್ಲೂ ಹಾಗೆಯೇ.

ಇನ್ನೊಂದು ವಿಷಯ ಆಮೇಲೆ ತಿಳಿಯಿತು. ದೊಡ್ಡ ಶಾಲೆಯಲ್ಲಿ ಓದಿನಲ್ಲಿ ಹಿಂದಿದ್ದ ಕೆಲವರು ಪರೀಕ್ಷೆಗೆ ಮೊದಲೇ ಟಿಸಿ ತಗೊಂಡು ಹೋಗಿದ್ದರು. ಪಾಸಾದವರೆಷ್ಟು ಅಂತ ಕೇಳುವ ಮೊದಲು, ಒಂದನೆಯದಕ್ಕೆ ಸೇರಿದವರಲ್ಲಿ ಕೊನೆವರೆಗೆ ಉಳಿದವರೆಷ್ಟು ಅಂತ ಕೇಳಬೇಕಿತ್ತು ಅಲ್ವಾ?

ಮೂರನೆಯದಕ್ಕೆ ಸಣ್ಣ ಶಾಲೆಗೆ ಹಾಕಿದೆ. ಮಗಳು ಗಟ್ಟಿಯಾಗಿ ಓದಲು ಕಲಿತದ್ದು ಅಲ್ಲೇ, ಏಕೆಂದರೆ ದಿನಾ ಸರದಿ ಬರುತ್ತಿತ್ತು. 1985ರಲ್ಲಿ ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ ಶುರುವಾದ ಪ್ರಯೋಗದಲ್ಲೂ 13ರಿಂದ 17 ಮಕ್ಕಳ ತರಗತಿಯವರು 22ರಿಂದ 25 ಮಕ್ಕಳ ತರಗತಿಯವರಿಗಿಂತ ಓದು, ಲೆಕ್ಕ ಎರಡರಲ್ಲೂ ಮುಂದಿದ್ದರು. ಅದು ಶಿಶುವಿಹಾರದಿಂದ ಮೂರನೆಯ ತರಗತಿವರೆಗಿನ ಮಕ್ಕಳ ಮೇಲೆ ನಡೆದದ್ದು, ಮರೆಯಬಾರದು.

ಆದರೆ ಸಣ್ಣ ಶಾಲೆಯಲ್ಲಿ ದಾಖಲಾತಿ ಇಳಿಯುತ್ತಾ ಬಂತು. ಪಾಠ ಕೆಟ್ಟಿತ್ತು ಅಂತಲ್ಲ. ಊರಲ್ಲಿ ಮಕ್ಕಳೇ ಕಡಿಮೆ, ಕೆಲಸ ಹುಡುಕಿ ಹೊರಟ ಮನೆಗಳು ಬೇರೆ. ಮಕ್ಕಳು ಕಡಿಮೆಯಾದರು ಅಂತ ಒಂದು ಹುದ್ದೆ ಹೋಯಿತು. ನಾಲ್ಕನೆಯ, ಐದನೆಯ ತರಗತಿಗಳು ಒಂದೇ ಕೋಣೆಗೆ ಬಂದವು. ಅದನ್ನು ಕಂಡು ಇನ್ನಷ್ಟು ಮಂದಿ ಮಕ್ಕಳನ್ನು ಬಿಡಿಸಿದರು. (ನಾಲ್ಕರಲ್ಲಿದ್ದ ಮಗಳು ಐದರ ಭಿನ್ನರಾಶಿಯನ್ನೂ ಕೇಳಿಸಿಕೊಂಡು ಕಲಿತಳು, ಅದು ಬೇರೆ ಮಾತು.)

ಮೈದಾನ, ಪ್ರಯೋಗಾಲಯ ದೊಡ್ಡದರಲ್ಲೇ ಚೆನ್ನ. ವಿಷಯಕ್ಕೊಬ್ಬ ಶಿಕ್ಷಕರೂ ಅಲ್ಲಿದ್ದಾರೆ. ಹಾಗಾಗಿ ಆರನೆಯದಕ್ಕೆ ಮಗಳು ಮತ್ತೆ ಅಲ್ಲಿಗೇ ಹೋದಳು. ಈ ವರ್ಷ ಒಂದನೆಯದಕ್ಕೆ ಸೇರುವ ಮಗನನ್ನು ಮಾತ್ರ ಸಣ್ಣ ಶಾಲೆಗೇ ಸೇರಿಸಿದ್ದೇನೆ.