ಮಗುವಿಗೆ ಟ್ರೈಲರ್ ಸಾಕೇ, ಟ್ರೈಲರ್ ಬೈಕ್ ಬೇಕೇ?

ನಾಲ್ಕು ವರ್ಷ ದಾಟುತ್ತಿದ್ದಂತೆ ಮಗು ತಾನೂ ಪೆಡಲ್ ತುಳಿಯಬೇಕೆಂದು ಹಟ ಹಿಡಿಯುತ್ತದೆ. ಅಷ್ಟಕ್ಕೇ ಟ್ರೈಲರನ್ನು, ಅಂದರೆ ಮಗುವನ್ನು ಕೂರಿಸಿ ನಮ್ಮ ಸೈಕಲ್ಲಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಗಾಡಿಯನ್ನು, ಮಾರಿಬಿಡಬೇಡಿ.

ಟ್ರೈಲರಿಗೆ ಎರಡು ಚಕ್ರ, ಒಳಗೆ ಬೆಲ್ಟ್, ಮೇಲೆ ಹೊದಿಕೆ. ಮಗು ನಿದ್ದೆ ಹೋದರೂ ಬೀಳುವ ಭಯವಿಲ್ಲ. ನಮ್ಮ ಸೈಕಲ್ ವಾಲಿದರೂ ಅದು ಸಾಮಾನ್ಯವಾಗಿ ನೆಟ್ಟಗೆ ನಿಲ್ಲುತ್ತದೆ. ತೊಡಕಿರುವುದು ಅಗಲದಲ್ಲಿ. ಚಿಕ್ಕಬಳ್ಳಾಪುರದ ಪೇಟೆ ಬೀದಿಯಲ್ಲಿ ಟೆಂಪೋ, ಆಟೋಗಳ ನಡುವೆ ಅದನ್ನು ನುಸುಳಿಸುವುದು ಕಷ್ಟ. ತಗ್ಗಾಗಿರುವುದರಿಂದ ಎತ್ತರದ ಬಾವುಟ ಬೇಕೇ ಬೇಕು.

ಟ್ರೈಲರ್ ಬೈಕ್ ಎಂದರೆ ಮುಂಚಕ್ರವಿಲ್ಲದ ಪುಟ್ಟ ಸೈಕಲ್. ಅದರ ಉದ್ದನೆಯ ಕೊಳವೆಯನ್ನು ದೊಡ್ಡವರ ಸೀಟಿನ ಕೆಳಗಿನ ಕಂಬಕ್ಕೆ ಬಿಗಿಯುತ್ತಾರೆ. ಏರಿನಲ್ಲಿ ಮಗು ತುಳಿದರೆ ನಮಗೆ ನಿಜವಾಗಿಯೂ ಬಲ ಸಿಗುತ್ತದೆ, ಮಗುವಿಗಂತೂ ಹೇಳತೀರದ ಹಿಗ್ಗು! ಆದರೆ ಅದು ಹೊಲದ ಕಡೆ ವಾಲಿ ಕೈ ತೋರಿಸಿದರೆ ಸಾಕು, ಮುಂದಿನ ಹ್ಯಾಂಡಲ್ ಓಲಾಡುತ್ತದೆ. ಜೋಡಣೆಯ ಕೀಲು ಸಡಿಲವಿದ್ದರೆ ಓಲಾಟ ಇನ್ನೂ ಹೆಚ್ಚು; ಕೊಳ್ಳುವ ಮುನ್ನ ಅದನ್ನು ಕೈಯಿಂದ ಅಲುಗಾಡಿಸಿ ನೋಡಿ. ಸಾಮಾನ್ಯವಾಗಿ ಮಗುವಿನ ಕಡೆ ಬ್ರೇಕ್ ಇರುವುದಿಲ್ಲ, ಎಲ್ಲ ಭಾರವನ್ನೂ ನಾವೇ ತಡೆಯಬೇಕು. ಹೆಲ್ಮೆಟ್ ಎರಡರಲ್ಲೂ ಕಡ್ಡಾಯ.

ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟಗಳ ದಾರಿಯಲ್ಲಿ, ವಾಹನ ಕಡಿಮೆಯಿರುವ ಬೆಳಗಿನ ಹೊತ್ತು ನಾನು ಟ್ರೈಲರ್ ಬೈಕನ್ನೇ ಆರಿಸುತ್ತೇನೆ. ಬೆಟ್ಟದ ತಿರುವುಗಳಿಗೂ 44ನೇ ರಾಷ್ಟ್ರೀಯ ಹೆದ್ದಾರಿಗೂ ಎರಡೂ ಬೇಡ. ದಾರಿಯಲ್ಲಿ ತೂಕಡಿಸುವ ಮಗುವಾದರೆ, ವಯಸ್ಸು ಐದಾಗಿದ್ದರೂ, ತೂಕದ ಮಿತಿಯೊಳಗಿರುವವರೆಗೆ ಟ್ರೈಲರಿನಲ್ಲೇ ಕೂರಿಸಿ.