ಹೊಲದ ಮನೆ ಕಾವಲಿಗೆ ಬಂದೂಕೋ, ನಾಯಿಯೋ?

ಆಳಂದ, ಅಫಜಲಪುರದ ಕಡೆ ಹೊಲದ ಮನೆಯಲ್ಲಿ ತೊಗರಿ ಚೀಲ ಒಟ್ಟಿಟ್ಟವರಿಗೆ ಈ ಪ್ರಶ್ನೆ ಇದ್ದದ್ದೇ.

ಬಂದೂಕಿಗೆ ಜಿಲ್ಲಾಧಿಕಾರಿಗೆ ಅರ್ಜಿ, ಪೊಲೀಸ್ ವರದಿ, ಆಮೇಲೆ ಓಡಾಟ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ ಲೈಸೆನ್ಸ್ 5 ವರ್ಷಕ್ಕೆ, ಒಬ್ಬರಿಗೆ ಹೆಚ್ಚೆಂದರೆ 2 ಬಂದೂಕು. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಅಂತಾರೆ. ಆಗ ಕಾವಲಿಗೆ ಯಾರು? ಮಕ್ಕಳಿರುವ ಮನೆಯಲ್ಲಿ ಖಾಲಿ ಮಾಡಿ ಬೀಗ ಹಾಕಿಡಲೇಬೇಕು. ನಡುರಾತ್ರಿ ಕೀಲಿ ಹುಡುಕಿ, ನಳಿಗೆ ಬಗ್ಗಿಸಿ, ತೋಟಾ ತುಂಬುವ ತನಕ ಕಳ್ಳ ಕಾಯ್ತಾನೆಯೇ? ಓಡುವವನ ಬೆನ್ನಿಗೆ ಹೊಡೆದರಂತೂ ಕೇಸು ನಿಮ್ಮ ಮೇಲೆಯೇ.

ಊರ ನಾಯಿ ಎರಡಿದ್ದರೆ ಕಳ್ಳ ಬದು ದಾಟುವ ಮೊದಲೇ ಬೊಗಳ್ತಾವ. ರೊಟ್ಟಿ ಹಾಕಿದರೆ ಸಾಕು, ಲೈಸೆನ್ಸ್ ಬೇಡ. ನನ್ನ ಮತ ಇದಕ್ಕೇ. ಜೀವಬೆದರಿಕೆ ಇರುವವರ ಮಾತು ಬೇರೆ, ಅವರು ಅರ್ಜಿ ಹಾಕಲಿ.

ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಕರೆಂಟ್ ಹೋದರೂ ನಡೆಯುತ್ತದೆ, ನೆಟ್‌ವರ್ಕ್ ಸಿಗಬೇಕಷ್ಟೇ. ಮೊಬೈಲಿನಲ್ಲಿ ಗುರುತಿಲ್ಲದವರು ಕಂಡರೆ ಹೊರಗೆ ಬರಬೇಡಿ, 112ಕ್ಕೆ ಹಚ್ಚಿ.